ಜೆಲ್ಲಿ ಮೀನು: ಕಡಲಂಚಿನಿಂದ ಸಿಹಿನೀರಿನವರೆಗೆ

ಪಿರಿಯಾಪಟ್ಟಣ, ಹುಣಸೂರು ಕಡೆಯ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳಿಗೆ ಕಾವೇರಿ, ಲಕ್ಷ್ಮಣತೀರ್ಥ ಗೊತ್ತು; ಜೆಲ್ಲಿ ಮೀನು ಕಾಣಲು ಘಟ್ಟ ಇಳಿದು ಮಂಗಳೂರು ಕಡೆಗೇ ಹೋಗಬೇಕೆಂಬ ನಂಬಿಕೆ. ಪೂರ್ತಿ ನಿಜವಲ್ಲ. ಪಶ್ಚಿಮ ಘಟ್ಟದಲ್ಲಿ ಹುಟ್ಟುವ ಕೃಷ್ಣೆಯ ಉಪನದಿಗಳಾದ ಯೆನ್ನಾ, ಕೊಯ್ನಾಗಳಿಂದ ‘ಲಿಮ್ನೊಕ್ನಿಡಾ ಇಂಡಿಕಾ’ ಎಂಬ ಪುಟ್ಟ ಸಿಹಿನೀರಿನ ಜೆಲ್ಲಿಯನ್ನು ವಿವರಿಸಿದವರು ಅನ್ನಂಡೇಲ್. 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೊದಲ ನಿರ್ದೇಶಕರೂ ಅವರೇ. ಒಂದೇ ಹೆಸರಿನಿಂದ ಎರಡು ಪ್ರಶ್ನೆ ಹುಟ್ಟಬಹುದು!

ಹೆಸರಲ್ಲಿ ಮೀನಿದ್ದರೂ ಜೆಲ್ಲಿ ಮೀನು ಬೆನ್ನುಮೂಳೆಯಿಲ್ಲದ ಜೀವಿ. ವಂಶ ನಿಡೇರಿಯಾ (ಹಳೆಯ ಪಠ್ಯಗಳಲ್ಲಿ ಸೀಲೆಂಟರೇಟಾ). ಮಿದುಳು, ಹೃದಯ, ರಕ್ತ ಯಾವುದೂ ಇಲ್ಲ, ನರಜಾಲವಿದೆ. ದೇಹದ ಸುಮಾರು 95% ನೀರು. ಬಾಯಿಯೇ ಗುದದ್ವಾರ. ಗ್ರಹಣಾಂಗಗಳ ಕುಟುಕುಕಣಗಳಲ್ಲಿ ಸುರುಳಿ ಸುತ್ತಿದ ವಿಷದ ಎಳೆಯಿರುತ್ತದೆ, ತಾಗಿದೊಡನೆ ಚಿಮ್ಮುತ್ತದೆ. ದಡಕ್ಕೆ ಬಿದ್ದು ಸತ್ತದ್ದೂ ಕುಟುಕಬಲ್ಲದು.

ಜೀವನಚಕ್ರದಲ್ಲೇ ಅಭ್ಯರ್ಥಿಗಳು ಎಡವುವುದು ಹೆಚ್ಚು. ತಳಕ್ಕಂಟಿದ ಪಾಲಿಪ್ ಹಂತ ನಿರ್ಲಿಂಗ ರೀತಿಯಲ್ಲಿ ವೃದ್ಧಿಸುತ್ತದೆ. ತೇಲುವ ಮೆಡ್ಯುಸಾ ಹಂತ ಲೈಂಗಿಕವಾಗಿ. ಅಳಿವೆ, ಬಂದರುಗಳ ಕಲ್ಲುಗೋಡೆಗಳು ಪಾಲಿಪ್‌ಗೆ ಒಳ್ಳೆಯ ನೆಲೆ.

ನೆನಪಿಡಿ: ‘ಎಕ್ವೋರಿಯಾ ವಿಕ್ಟೋರಿಯಾ’ ಜೆಲ್ಲಿಯ ಹಸಿರು ಪ್ರತಿದೀಪ್ತಿ ಪ್ರೋಟೀನ್‌ಗಾಗಿ 2008ರ ರಸಾಯನಶಾಸ್ತ್ರ ನೊಬೆಲ್ ಪಡೆದವರು ಶಿಮೊಮುರಾ, ಚಾಲ್ಫಿ, ತ್ಸಿಯೆನ್.