ಕದಡಿ ತಿಳಿಯಾದ ಚಿತ್ತ: ಗಣಿತಜ್ಞ ಜಾನ್ ನ್ಯಾಶ್

ಶರೀರಕ್ಕೆ ಜ್ವರ ಬಂದಾಗ ಮನೆಯವರೆಲ್ಲ ಹಾಸಿಗೆಯ ಬಳಿ ಸೇರುತ್ತಾರೆ. ಮನಸ್ಸಿಗೆ ರೋಗ ಬಂದಾಗ ಒಬ್ಬೊಬ್ಬರಾಗಿ ದೂರ ಸರಿಯುತ್ತಾರೆ. ಕಣ್ಣು ಕಾಣದವನನ್ನು ಕೈಹಿಡಿದು ದಾರಿ ದಾಟಿಸುವ ಜನರೇ ಚಿತ್ತ ಕದಡಿದವನನ್ನು ಕಂಡು ನಗುವುದುಂಟು. ಶರಣರು ಮನಸ್ಸಿನ ಚಾಂಚಲ್ಯವನ್ನು ಮರೆಮಾಚಿದವರಲ್ಲ. ಬಸವಣ್ಣನವರು ತಮ್ಮ ಮನಸ್ಸನ್ನೇ ಮರ್ಕಟಕ್ಕೆ ಹೋಲಿಸಿ ನುಡಿದಿರುವುದು ಸರ್ವವಿದಿತವಾಗಿದೆ. ಆದರೆ ಸ್ವಸ್ಥನಾದವನ ಮನಸ್ಸಿನ ಚಾಂಚಲ್ಯ ಬೇರೆ, ಮನೋರೋಗ ಬೇರೆ. ಮೊದಲನೆಯದು ಸಾಧನೆಯಿಂದ ಹತೋಟಿಗೆ ಬರತಕ್ಕದ್ದು. ಎರಡನೆಯದಕ್ಕೆ ವೈದ್ಯರು ಬೇಕು, ಔಷಧ ಬೇಕು, ಕಾಲ ಬೇಕು. ಇವೆಲ್ಲಕ್ಕೂ ಮಿಗಿಲಾಗಿ ನಿಲ್ಲಲೊಂದು ನೆಲೆ ಬೇಕು. ಈ ಭೇದವನ್ನು ಅರಿಯಲು ಅಮೆರಿಕದ ಗಣಿತಜ್ಞ ಜಾನ್ ಫೋರ್ಬ್ಸ್ ನ್ಯಾಶ್ ಅವರ ಜೀವನಕ್ಕಿಂತ ಉತ್ತಮವಾದ ಪಾಠ ದೊರೆಯುವುದು ದುರ್ಲಭ.

ಬಾಲ್ಯ ಮತ್ತು ವ್ಯಾಸಂಗ

ನ್ಯಾಶ್ ಅವರು ೧೯೨೮ನೆಯ ಇಸವಿ ಜೂನ್ ೧೩ರಂದು ಪಶ್ಚಿಮ ವರ್ಜೀನಿಯಾ ಸಂಸ್ಥಾನದ ಬ್ಲೂಫೀಲ್ಡ್ ಎಂಬ ಊರಿನಲ್ಲಿ ಜನಿಸಿದರು. ತಂದೆ ವಿದ್ಯುತ್ ಕಂಪನಿಯಲ್ಲಿ ಇಂಜಿನಿಯರು. ತಾಯಿ ವಿವಾಹಕ್ಕೆ ಮೊದಲು ಶಾಲಾ ಶಿಕ್ಷಕಿ. ಮನೆಯಲ್ಲಿದ್ದ ವಿಶ್ವಕೋಶವೇ ಬಾಲಕನ ನಿತ್ಯಸಂಗಾತಿಯಾಯಿತು. ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ಗಣಿತಜ್ಞರ ಜೀವನಚರಿತ್ರೆಗಳ ಗ್ರಂಥವೊಂದನ್ನು ಓದಿ, ಅದರಲ್ಲಿ ಉಲ್ಲೇಖಗೊಂಡಿದ್ದ ಫರ್ಮಾ ಎಂಬ ಫ್ರೆಂಚ್ ಗಣಿತಜ್ಞನ ಪ್ರಮೇಯವೊಂದನ್ನು ಜಾನ್ ತಾನೇ ಸಾಧಿಸಿದನು. ಆ ಪ್ರಮೇಯ ಇಂತಿದೆ: ಯಾವುದೇ ಪೂರ್ಣಾಂಕಕ್ಕೆ ಅವಿಭಾಜ್ಯ ಸಂಖ್ಯೆಯೊಂದನ್ನು ಘಾತವಾಗಿ ಇಟ್ಟು, ಬಂದ ಫಲದಿಂದ ಮೂಲ ಸಂಖ್ಯೆಯನ್ನು ಕಳೆದರೆ, ಉಳಿಕೆಯು ಆ ಅವಿಭಾಜ್ಯ ಸಂಖ್ಯೆಯಿಂದ ನಿಃಶೇಷವಾಗಿ ಭಾಗವಾಗುವುದು. ಎರಡರ ಐದನೆಯ ಘಾತ ೩೨. ಅದರಿಂದ ೨ನ್ನು ಕಳೆದರೆ ೩೦. ಅದು ೫ರಿಂದ ಭಾಗವಾಗುತ್ತದೆ. ಮೂರರ ಐದನೆಯ ಘಾತ ೨೪೩. ೩ನ್ನು ಕಳೆದರೆ ೨೪೦. ಅದೂ ೫ರಿಂದ ಭಾಗವಾಗುತ್ತದೆ. ವಿದ್ಯಾರ್ಥಿಗಳು ಬೇರೆ ಸಂಖ್ಯೆಗಳನ್ನಿಟ್ಟು ಪರೀಕ್ಷಿಸಬಹುದು. ಆದರೆ ಹತ್ತು ಉದಾಹರಣೆ ಸರಿಬಂದ ಮಾತ್ರಕ್ಕೆ ಪ್ರಮೇಯ ಸಿದ್ಧವಾಗದು. ಎಲ್ಲ ಸಂಖ್ಯೆಗಳಿಗೂ ಅದು ಅನ್ವಯಿಸುವುದೆಂದು ತೋರಿಸುವುದೇ ಸಾಧನೆ. ಅದನ್ನು ಜಾನ್ ಶಾಲಾ ವಯಸ್ಸಿನಲ್ಲೇ ಮಾಡಿದನು.

ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ತಾಂತ್ರಿಕ ಸಂಸ್ಥೆಗೆ ರಾಸಾಯನಿಕ ಇಂಜಿನಿಯರಿಂಗ್ ಓದಲೆಂದು ಸೇರಿದ ನ್ಯಾಶ್ ಅವರು ರಸಾಯನಶಾಸ್ತ್ರಕ್ಕೆ ತಿರುಗಿ, ಕೊನೆಗೆ ಗಣಿತದಲ್ಲಿ ನೆಲೆನಿಂತರು. ೧೯೪೮ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯಕ್ಕೆ ಹೋಗುವಾಗ ಅವರ ಗುರುಗಳಾದ ರಿಚರ್ಡ್ ಡಫಿನ್ ಅವರು ಬರೆದುಕೊಟ್ಟ ಶಿಫಾರಸು ಪತ್ರ ಅತ್ಯಂತ ಸಂಕ್ಷಿಪ್ತವಾಗಿತ್ತು. ಈತ ಗಣಿತದ ಅಸಾಧಾರಣ ಪ್ರತಿಭಾವಂತನೆಂಬುದೇ ಅದರ ಸಾರ.

ಸಮತೋಲದ ಸಿದ್ಧಾಂತ

ಇಬ್ಬರು ಅಥವಾ ಅನೇಕರು ತಮ್ಮ ತಮ್ಮ ಹಿತವನ್ನು ನೋಡಿಕೊಂಡು ನಿರ್ಧಾರ ಕೈಗೊಳ್ಳುವ ಸಂದರ್ಭಗಳನ್ನು ಗಣಿತರೀತಿಯಿಂದ ವಿವೇಚಿಸುವ ಶಾಸ್ತ್ರಕ್ಕೆ ಆಟಗಳ ಸಿದ್ಧಾಂತವೆಂದು ಹೆಸರು. ೧೯೪೪ರಲ್ಲಿ ಫಾನ್ ನಾಯ್ಮನ್ ಮತ್ತು ಮಾರ್ಗನ್‌ಸ್ಟರ್ನ್ ಎಂಬ ವಿದ್ವಾಂಸರು ಇದರ ಬಗ್ಗೆ ಬೃಹದ್ಗ್ರಂಥವನ್ನು ಪ್ರಕಟಿಸಿದ್ದರು. ಇಬ್ಬರ ನಡುವೆ ಒಬ್ಬನ ಲಾಭವೇ ಮತ್ತೊಬ್ಬನ ನಷ್ಟವಾಗುವ ಆಟಗಳಿಗೆ ಅಲ್ಲಿ ಪರಿಪೂರ್ಣ ಉತ್ತರವಿತ್ತು. ಆದರೆ ಲೋಕವ್ಯವಹಾರವೆಲ್ಲ ಅಂತಹುದಲ್ಲ. ನ್ಯಾಶ್ ಅವರು ೧೯೫೦ರಲ್ಲಿ ಡಾಕ್ಟರೇಟ್ ಪದವಿಗಾಗಿ ಸಲ್ಲಿಸಿದ ಸುಮಾರು ೨೮ ಪುಟಗಳ ಪ್ರಬಂಧದಲ್ಲಿ, ಎಷ್ಟು ಮಂದಿ ಆಟಗಾರರಿದ್ದರೂ ಅನ್ವಯಿಸುವ ತತ್ತ್ವವೊಂದನ್ನು ಮಂಡಿಸಿದರು. ಆಗ ಅವರ ವಯಸ್ಸು ಇಪ್ಪತ್ತೆರಡರ ಆಸುಪಾಸು.

ದೃಷ್ಟಾಂತಕ್ಕೆ, ಒಂದೇ ಬಾವಿಯ ನೀರನ್ನು ಹಂಚಿಕೊಂಡ ಇಬ್ಬರು ರೈತರನ್ನು ಭಾವಿಸಬಹುದು. ಇಬ್ಬರೂ ಮಿತವಾಗಿ ನೀರೆತ್ತಿದರೆ ತಲಾ ೧೦ ಚೀಲ ಬೆಳೆ. ಒಬ್ಬನು ಮಿತಿಮೀರಿ ಎತ್ತಿ ಇನ್ನೊಬ್ಬನು ಮಿತವಾಗಿದ್ದರೆ, ಮೊದಲನೆಯವನಿಗೆ ೧೪, ಎರಡನೆಯವನಿಗೆ ೫. ಇಬ್ಬರೂ ಮಿತಿಮೀರಿದರೆ ಬಾವಿ ಬತ್ತಿ ತಲಾ ೭. ನೆರೆಯವನು ಮಿತವಾಗಿದ್ದರೆ ತಾನು ಮಿತಿಮೀರುವುದು ಲಾಭ, ಏಕೆಂದರೆ ಹತ್ತಕ್ಕಿಂತ ಹದಿನಾಲ್ಕು ಹೆಚ್ಚು. ನೆರೆಯವನು ಮಿತಿಮೀರಿದರೂ ತಾನು ಮಿತಿಮೀರುವುದೇ ಲಾಭ, ಏಕೆಂದರೆ ಐದಕ್ಕಿಂತ ಏಳು ಹೆಚ್ಚು. ಹೀಗೆ ಇಬ್ಬರೂ ಏಳು ಏಳು ಚೀಲಗಳ ಸ್ಥಿತಿಗೆ ಬಂದು ನಿಲ್ಲುತ್ತಾರೆ. ಅಲ್ಲಿಂದ ಒಬ್ಬನೇ ತನ್ನ ನಡೆಯನ್ನು ಬದಲಿಸಿದರೆ ಅವನಿಗೇ ನಷ್ಟ. ಯಾವ ಸ್ಥಿತಿಯಲ್ಲಿ ಒಬ್ಬೊಬ್ಬನೇ ನಡೆ ಬದಲಿಸುವುದರಿಂದ ಯಾರಿಗೂ ಲಾಭವಿಲ್ಲವೋ ಅದೇ ನ್ಯಾಶ್ ಸಮತೋಲ. ಆಟಗಾರರೂ ಅವರ ಮುಂದಿರುವ ಆಯ್ಕೆಗಳೂ ಪರಿಮಿತವಾಗಿದ್ದು, ಆ ಆಯ್ಕೆಗಳನ್ನು ಸಂಭವನೀಯತೆಯ ಪ್ರಮಾಣದಲ್ಲಿ ಬೆರೆಸಲು ಅವಕಾಶವಿದ್ದರೆ, ಇಂತಹ ಸಮತೋಲ ಒಂದಾದರೂ ಇದ್ದೇ ಇರುವುದೆಂದು ಅವರು ಸಾಧಿಸಿದರು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸಮತೋಲವೆಂದ ಮಾತ್ರಕ್ಕೆ ಅದು ಕ್ಷೇಮವೆಂದು ಅರ್ಥವಲ್ಲ. ಇಬ್ಬರೂ ಕೂಡಿ ಮಾತಾಡಿ, ಕೊಟ್ಟ ಮಾತಿಗೆ ಬದ್ಧರಾಗಿದ್ದಲ್ಲಿ ಹತ್ತು ಹತ್ತು ಚೀಲ ದೊರೆಯುತ್ತಿತ್ತು. ಪರಸ್ಪರ ನಂಬಿಕೆ ಇಲ್ಲದಲ್ಲಿ ಬುದ್ಧಿವಂತರೂ ಬಡವಾಗುತ್ತಾರೆ. ವ್ಯಾಪಾರದ ಪೈಪೋಟಿ, ಹರಾಜು, ರಾಷ್ಟ್ರಗಳ ಶಸ್ತ್ರಸ್ಪರ್ಧೆ, ಜೀವವಿಕಾಸ ಮೊದಲಾದ ವಿಷಯಗಳ ಅಧ್ಯಯನದಲ್ಲಿ ಈ ತತ್ತ್ವ ಇಂದು ಬಳಕೆಯಲ್ಲಿದೆ.

ಗಣಿತಜ್ಞರು ಇದಕ್ಕಿಂತಲೂ ಹೆಚ್ಚು ಮೆಚ್ಚಿದ್ದು ಅವರ ಅನಂತರದ ಕೃತಿಗಳನ್ನು. ೧೯೫೧ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದ ಮೇಲೆ, ೧೯೫೪ ಮತ್ತು ೧೯೫೬ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ, ಕೇವಲ ಕಲ್ಪನೆಯಲ್ಲಿ ವಿವರಿಸಲ್ಪಟ್ಟ ವಕ್ರ ಆಕಾಶಗಳನ್ನು ಸಾಕಷ್ಟು ಆಯಾಮಗಳುಳ್ಳ ಯೂಕ್ಲಿಡನ ಆಕಾಶದಲ್ಲಿ, ಅಳತೆಗಳು ಕಿಂಚಿತ್ತೂ ಕೆಡದಂತೆ ಅಡಕಗೊಳಿಸಬಹುದೆಂದು ತೋರಿಸಿದರು.

ಇಷ್ಟು ಪ್ರತಿಭೆಯುಳ್ಳವರು ನಡತೆಯಲ್ಲಿ ನಿರ್ದೋಷಿಗಳಾಗಿದ್ದರೆಂದು ಹೇಳಲಾಗದು. ಸಹೋದ್ಯೋಗಿಗಳನ್ನು ಹಗುರವಾಗಿ ಕಾಣುವ ಗರ್ವ ಅವರಲ್ಲಿತ್ತು. ವಿವಾಹಕ್ಕೆ ಮೊದಲು ಬೇರೊಬ್ಬ ಸ್ತ್ರೀಯಲ್ಲಿ ಜನಿಸಿದ ಮಗನ ಹೊಣೆಯನ್ನು ಅವರು ಹೊರಲಿಲ್ಲ. ಚರಿತ್ರೆಯನ್ನು ಓದುವವರು ಇದನ್ನೂ ಅರಿತಿರಬೇಕು.

ರೋಗದ ಪ್ರವೇಶ

೧೯೫೭ರಲ್ಲಿ ನ್ಯಾಶ್ ಅವರು ಅಲೀಸಿಯಾ ಲಾರ್ದೆ ಅವರನ್ನು ವಿವಾಹವಾದರು. ಎಲ್ ಸಾಲ್ವಡಾರ್ ದೇಶದಲ್ಲಿ ಜನಿಸಿದ ಆಕೆ ಭೌತಶಾಸ್ತ್ರವನ್ನು ಓದಿದವರು. ೧೯೫೯ರ ಆರಂಭದಲ್ಲಿ, ಆಕೆ ಗರ್ಭಿಣಿಯಾಗಿದ್ದಾಗ, ಪತಿಯ ನಡೆನುಡಿಗಳು ವಿಪರೀತವಾದವು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಅನ್ಯಲೋಕದವರು ತನಗೆ ಮಾತ್ರ ತಿಳಿಯುವಂತೆ ಸಂದೇಶಗಳನ್ನು ಅಡಗಿಸಿದ್ದಾರೆಂದು ಅವರು ಹೇಳತೊಡಗಿದರು. ಶಿಕಾಗೋ ವಿಶ್ವವಿದ್ಯಾನಿಲಯವು ನೀಡಬಂದ ಪ್ರಾಧ್ಯಾಪಕ ಪದವಿಯನ್ನು, ತಾನು ಅಂಟಾರ್ಕ್ಟಿಕಾ ಖಂಡದ ಚಕ್ರವರ್ತಿಯಾಗಲಿರುವುದಾಗಿ ತಿಳಿಸಿ ನಿರಾಕರಿಸಿದರು. ಅದೇ ವರ್ಷ ಬಾಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಯಲ್ಲಿ ವೈದ್ಯರು ಇದನ್ನು ಸ್ಕಿಜೋಫ್ರೇನಿಯಾ ಎಂದು ಗುರುತಿಸಿದರು. ಕನ್ನಡದಲ್ಲಿ ಇದನ್ನು ಛಿದ್ರಮನಸ್ಕತೆ, ಚಿತ್ತವಿಕಲತೆ ಎಂದು ಕರೆಯುವುದುಂಟು. ಒಬ್ಬನೊಳಗೆ ಇಬ್ಬರಿರುವರೆಂದು ಇದರ ಅರ್ಥವಲ್ಲ. ಇಲ್ಲದ ದನಿ ಕೇಳಿಸುವುದು, ಆಧಾರವಿಲ್ಲದ ನಂಬಿಕೆ ಅಚಲವಾಗಿ ಬೇರೂರುವುದು, ಆಲೋಚನೆಯ ಸರಣಿ ಕಡಿದುಹೋಗುವುದು, ಇವು ಇದರ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು ಮುನ್ನೂರು ಜನರಲ್ಲಿ ಒಬ್ಬರಿಗೆ ಈ ರೋಗವಿದೆ.

ಆಸ್ಪತ್ರೆಯಲ್ಲಿ ಅವರನ್ನು ನೋಡಲು ಬಂದ ಹಾರ್ವರ್ಡಿನ ಗಣಿತಜ್ಞ ಜಾರ್ಜ್ ಮ್ಯಾಕಿ ಅವರು, ತರ್ಕಕ್ಕೆ ಜೀವನವನ್ನೇ ಮುಡಿಪಿಟ್ಟವರು ಅನ್ಯಲೋಕದ ಸಂದೇಶಗಳನ್ನು ನಂಬಿದ್ದು ಹೇಗೆಂದು ಕೇಳಿದರಂತೆ. ಗಣಿತದ ವಿಚಾರಗಳು ಹೇಗೆ ಮನಸ್ಸಿಗೆ ಹೊಳೆದವೋ ಹಾಗೆಯೇ ಇವೂ ಹೊಳೆದವು, ಆದ್ದರಿಂದ ನಂಬಿದೆನೆಂಬ ಅಭಿಪ್ರಾಯದ ಉತ್ತರ ಬಂದಿತು. ಈ ಉತ್ತರ ವಿಚಾರಾರ್ಹವಾಗಿದೆ. ರೋಗಿಯು ಹಟದಿಂದ ಸುಳ್ಳನ್ನು ಹಿಡಿದಿರುವುದಿಲ್ಲ. ಸತ್ಯವೂ ಭ್ರಮೆಯೂ ಒಂದೇ ಬಾಗಿಲಿನಿಂದ, ಒಂದೇ ವೇಷದಲ್ಲಿ ಒಳಗೆ ಬರುತ್ತವೆ. ಅವುಗಳನ್ನು ಬೇರ್ಪಡಿಸಬೇಕಾದ ವಿವೇಕಕ್ಕೇ ರೋಗ ತಗುಲಿರುತ್ತದೆ. ಅಂತಹವನಿಗೆ ಬುದ್ಧಿ ಹೇಳುವುದರಿಂದ, ಗದರಿಸುವುದರಿಂದ ಪ್ರಯೋಜನವೇನು?

ಮಗ ಹುಟ್ಟಿದಾಗ ತಂದೆ ಆಸ್ಪತ್ರೆಯಲ್ಲಿದ್ದರು. ಹೊರಬಂದ ಮೇಲೆ ಉದ್ಯೋಗಕ್ಕೆ ರಾಜೀನಾಮೆ ಕೊಟ್ಟು ಯೂರೋಪಿಗೆ ತೆರಳಿ, ಅಮೆರಿಕದ ಪೌರತ್ವವನ್ನು ತ್ಯಜಿಸಲು ಯತ್ನಿಸಿದರು, ೧೯೬೦ರಲ್ಲಿ ಹಿಂದಿರುಗಬೇಕಾಯಿತು. ೧೯೬೧ರಲ್ಲಿ ಟ್ರೆಂಟನ್ ನಗರದ ಸರ್ಕಾರಿ ಆಸ್ಪತ್ರೆಯಲ್ಲಿ, ಇನ್ಸುಲಿನ್ ಚುಚ್ಚಿ ಪ್ರಜ್ಞೆ ತಪ್ಪಿಸುವ ಚಿಕಿತ್ಸೆಯನ್ನು ವಾರಗಟ್ಟಲೆ ನೀಡಲಾಯಿತು. ಆ ಕಠೋರ ಪದ್ಧತಿಯನ್ನು ವೈದ್ಯಲೋಕ ಅನಂತರ ಕೈಬಿಟ್ಟಿತು. ರೋಗ ಇಳಿದ ಅವಧಿಗಳಲ್ಲಿ ಅವರು ಮತ್ತೆ ಗಣಿತಕ್ಕೆ ಮರಳಿ, ೧೯೬೨ರಲ್ಲಿಯೂ ೧೯೬೬ರಲ್ಲಿಯೂ ಗೌರವಾರ್ಹವಾದ ಲೇಖನಗಳನ್ನು ಪ್ರಕಟಿಸಿದರು. ಆದರೆ ರೋಗ ಮರುಕಳಿಸುತ್ತಲೇ ಇತ್ತು. ೧೯೬೩ರಲ್ಲಿ ದಾಂಪತ್ಯವೂ ಮುರಿಯಿತು.

ಆಸರೆಯ ಕಾಲ

೧೯೬೯ರಲ್ಲಿ ತಾಯಿ ತೀರಿಕೊಂಡರು. ಆಸ್ಪತ್ರೆಯಿಂದ ಹೊರಬಂದ ನ್ಯಾಶ್ ಅವರಿಗೆ ಹೋಗಲು ಸ್ಥಳವಿರಲಿಲ್ಲ. ಆಗ, ೧೯೭೦ರಲ್ಲಿ, ವಿಚ್ಛೇದನ ಪಡೆದಿದ್ದ ಅಲೀಸಿಯಾ ಅವರೇ ಅವರನ್ನು ತಮ್ಮ ಮನೆಗೆ ಕರೆತಂದರು. ಪತಿಯೆಂದಲ್ಲ, ಮನೆಯಲ್ಲೊಬ್ಬ ವಾಸಿಗನೆಂದು ಇರಿಸಿಕೊಂಡರು. ಕಂಪ್ಯೂಟರ್ ಕೆಲಸ ಮಾಡಿ ಸಂಸಾರವನ್ನು ನಡೆಸಿದರು. ಆಸ್ಪತ್ರೆಗೆ ಮತ್ತೆ ಸೇರಿಸುವುದಕ್ಕಿಂತ ಶಾಂತವಾದ ಮನೆಯೇ ಅವರಿಗೆ ಮೇಲೆಂಬುದು ಆಕೆಯ ನಿಶ್ಚಯವಾಗಿತ್ತು.

ಇನ್ನೊಂದು ಆಸರೆ ವಿದ್ಯಾಸಂಸ್ಥೆಯದು. ಹಗಲೆಲ್ಲ ನ್ಯಾಶ್ ಅವರು ಪ್ರಿನ್ಸ್‌ಟನ್ನಿನ ಗ್ರಂಥಾಲಯದಲ್ಲಿ, ಗಣಿತ ವಿಭಾಗವಿದ್ದ ಫೈನ್ ಹಾಲಿನ ಓಣಿಗಳಲ್ಲಿ ಮೌನವಾಗಿ ಸುಳಿಯುತ್ತಿದ್ದರು. ಖಾಲಿ ಕೊಠಡಿಯ ಕರಿಹಲಗೆಗಳ ಮೇಲೆ ಅಂಕಿಗಳಿಂದಲೂ ಅಕ್ಷರಗಳಿಂದಲೂ ಕೂಡಿದ ಗೂಢವಾಕ್ಯಗಳನ್ನು ಬರೆದಿಡುತ್ತಿದ್ದರು. ಹೊಸ ವಿದ್ಯಾರ್ಥಿಗಳು ಅವರನ್ನು ಫೈನ್ ಹಾಲಿನ ಭೂತವೆಂದು ಕರೆಯುತ್ತಿದ್ದರು. ಆದರೂ ಅವರನ್ನು ಹೊರಗಟ್ಟಲಿಲ್ಲ. ಹಳೆಯ ಮಿತ್ರರು ಕಂಡಾಗ ಮಾತನಾಡಿಸಿದರು. ಗಣಕಯಂತ್ರವನ್ನು ಬಳಸಲು ಅವಕಾಶ ದೊರೆಯಿತು. ಇದನ್ನು ಮಹೋಪಕಾರವೆಂದು ಆ ಕಾಲಕ್ಕೆ ಯಾರೂ ಎಣಿಸಿರಲಾರರು. ಆದರೆ ಮನುಷ್ಯರ ನಡುವೆ ಓಡಾಡುವ ಹಕ್ಕು ಉಳಿದದ್ದರಿಂದಲೇ ಅವರು ಮರಳಿ ಬರಲು ಒಂದು ದಾರಿ ಉಳಿಯಿತು.

ಚೇತರಿಕೆ ಮತ್ತು ಗೌರವ

ಹೀಗೆ ವರ್ಷಗಳು ಕಳೆದವು. ೧೯೮೦ರ ದಶಕದಲ್ಲಿ ಅವರ ಚಿತ್ತ ಮೆಲ್ಲಮೆಲ್ಲನೆ ತಿಳಿಯಾಯಿತು. ತಮ್ಮ ಭ್ರಮೆಗಳಲ್ಲಿ ಕೆಲವನ್ನು, ವಿಶೇಷವಾಗಿ ರಾಜಕೀಯ ಸ್ವರೂಪದವುಗಳನ್ನು, ವ್ಯರ್ಥ ಶ್ರಮವೆಂದು ಬುದ್ಧಿಪೂರ್ವಕವಾಗಿ ತಿರಸ್ಕರಿಸತೊಡಗಿದುದಾಗಿ ಅವರೇ ಅನಂತರ ಬರೆದುಕೊಂಡಿದ್ದಾರೆ. ೧೯೯೪ರಲ್ಲಿ ಜಾನ್ ಹರ್ಸಾನಿ ಮತ್ತು ರೈನ್‌ಹಾರ್ಡ್ ಸೆಲ್ಟನ್ ಅವರೊಡನೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ೨೦೦೧ರಲ್ಲಿ ಅಲೀಸಿಯಾ ಅವರನ್ನು ಪುನಃ ವಿವಾಹವಾದರು. ೨೦೧೫ರ ಮೇ ತಿಂಗಳಲ್ಲಿ ನಾರ್ವೆಯ ದೊರೆಯಿಂದ ಗಣಿತದ ಆಬೆಲ್ ಪಾರಿತೋಷಕವನ್ನು ಲೂಯಿ ನೀರೆನ್‌ಬರ್ಗ್ ಅವರೊಡನೆ ಸ್ವೀಕರಿಸಿದರು. ಸ್ವದೇಶಕ್ಕೆ ಮರಳಿ, ವಿಮಾನ ನಿಲ್ದಾಣದಿಂದ ಮನೆಗೆ ಹೋಗುತ್ತಿದ್ದಾಗ, ಮೇ ೨೩ರಂದು ಬಾಡಿಗೆ ಕಾರು ಅಪಘಾತಕ್ಕೀಡಾಗಿ ದಂಪತಿಗಳಿಬ್ಬರೂ ಒಟ್ಟಿಗೆ ಮೃತರಾದರು. ಅವರಿಗೆ ೮೬ ವರ್ಷ, ಆಕೆಗೆ ೮೨.

ಅವರ ಜೀವನವನ್ನು ಆಧರಿಸಿ ೨೦೦೧ರಲ್ಲಿ ತಯಾರಾದ ಚಲನಚಿತ್ರವು ಲೋಕಪ್ರಸಿದ್ಧವಾಯಿತು. ಅದರಲ್ಲಿ ಇಲ್ಲದ ವ್ಯಕ್ತಿಗಳು ಅವರಿಗೆ ಕಣ್ಣಿಗೆ ಕಾಣಿಸುವಂತೆ ತೋರಿಸಲಾಗಿದೆ. ವಸ್ತುತಃ ಅವರನ್ನು ಕಾಡಿದ್ದು ಕಿವಿಗೆ ಕೇಳಿಸುವ ದನಿಗಳು. ಹೊಸ ಔಷಧಗಳನ್ನು ಸೇವಿಸುತ್ತಿರುವುದಾಗಿ ಚಿತ್ರದಲ್ಲಿ ಅವರು ಹೇಳುತ್ತಾರೆ. ವಾಸ್ತವದಲ್ಲಿ ೧೯೭೦ರ ಅನಂತರ ಅವರು ಔಷಧವನ್ನು ಬಿಟ್ಟಿದ್ದರು. ಇದು ಯಾರಿಗೂ ಮೇಲ್ಪಂಕ್ತಿಯಾಗಕೂಡದು. ಔಷಧವನ್ನು ತಾನಾಗಿ ನಿಲ್ಲಿಸಿದ ಅನೇಕರಲ್ಲಿ ರೋಗ ಉಲ್ಬಣಿಸುತ್ತದೆ. ಒಬ್ಬರು ಈಜಿ ದಾಟಿದರೆಂದು ಎಲ್ಲರಿಗೂ ದೋಣಿ ಬೇಡವೆನ್ನಲಾಗದು. ತಂದೆಯಂತೆಯೇ ಗಣಿತದಲ್ಲಿ ಡಾಕ್ಟರೇಟ್ ಪಡೆದ ಕಿರಿಯ ಮಗನಿಗೂ ಇದೇ ರೋಗ ಬಂದಿತೆಂಬುದನ್ನು ನೆನೆದರೆ, ಈ ಕಥೆ ಕೇವಲ ವಿಜಯದ ಕಥೆಯಲ್ಲವೆಂಬುದು ಮನದಟ್ಟಾಗುವುದು.

ವಿದ್ಯಾರ್ಥಿಗಳು ಗ್ರಹಿಸಬೇಕಾದುದು

ಅತಿಯಾಗಿ ಓದಿದರೆ ತಲೆ ಕೆಡುವುದೆಂಬ ಮಾತು ಜನರ ಬಾಯಲ್ಲಿದೆ. ಹುಚ್ಚಿನಿಂದಲೇ ಪ್ರತಿಭೆ ಹುಟ್ಟುವುದೆಂದು ಹೇಳುವವರೂ ಉಂಟು. ನ್ಯಾಶ್ ಅವರ ಜೀವನ ಇವೆರಡನ್ನೂ ಸಮರ್ಥಿಸುವುದಿಲ್ಲ. ಅವರ ಮಹತ್ಕೃತಿಗಳೆಲ್ಲ ರೋಗಕ್ಕೆ ಮೊದಲಿನವು. ರೋಗವು ಅವರಿಗೆ ಹೊಸದೇನನ್ನೂ ಕೊಡದೆ, ಬಾಳಿನ ನಡುವಯಸ್ಸನ್ನು ಕಸಿದುಕೊಂಡಿತು. ಇದು ಪಾಪದ ಫಲವಲ್ಲ, ಗ್ರಹಚಾರವಲ್ಲ, ಗಾಳಿ ಸೋಕಿದ್ದಲ್ಲ. ಮೂಳೆ ಮುರಿದರೆ ವೈದ್ಯರಲ್ಲಿಗೆ ಕರೆದೊಯ್ಯುವಂತೆ ಮನಸ್ಸು ಕದಡಿದಾಗಲೂ ಕರೆದೊಯ್ಯಬೇಕು, ತಡಮಾಡಬಾರದು.

ತರಗತಿಯಲ್ಲಿ ಚೂಟಿಯಾಗಿದ್ದ ಸಹಪಾಠಿಯು ಇದ್ದಕ್ಕಿದ್ದಂತೆ ಮಂಕಾದರೆ, ತನ್ನಷ್ಟಕ್ಕೆ ತಾನೇ ಮಾತಾಡಿಕೊಂಡರೆ, ಎಲ್ಲರೂ ತನ್ನ ಮೇಲೆ ಸಂಚು ಹೂಡಿದ್ದಾರೆಂದು ಹೆದರಿದರೆ, ಅಡ್ಡಹೆಸರಿಟ್ಟು ನಗಬಾರದು. ಗುರುಗಳಿಗೆ ತಿಳಿಸಬೇಕು; ಮನೆಯವರಿಗೆ ತಿಳಿಯುವಂತೆ ಮಾಡಬೇಕು; ಊಟಕ್ಕೆ ಕುಳಿತಾಗ ಪಕ್ಕದಲ್ಲಿ ಅವನಿಗೂ ಜಾಗ ಬಿಡಬೇಕು. ದಾಸೋಹವೆಂಬುದು ಹಸಿದ ಹೊಟ್ಟೆಗೆ ಅನ್ನವಿಕ್ಕುವುದರಲ್ಲಿಯೇ ಮುಗಿಯುವುದಿಲ್ಲ. ಪಂಕ್ತಿಯಲ್ಲಿ ಕುಳಿತವನು ಯಾವ ಸ್ಥಿತಿಯಲ್ಲಿದ್ದರೂ ಅವನನ್ನು ಎಬ್ಬಿಸದಿರುವುದೂ ದಾಸೋಹವೇ. ಪ್ರಿನ್ಸ್‌ಟನ್ನಿನ ಆ ಮನೆಯೂ ಆ ವಿದ್ಯಾಲಯವೂ ನ್ಯಾಶ್ ಅವರಿಗೆ ಮಾಡಿದ್ದು ಇಷ್ಟನ್ನೇ.