ಬಿದ್ದಾಗ ಕೊಳ್ಳುವ ಮುನ್ನ: ಗುಮ್ಮಳಾಪುರದ ಮಕ್ಕಳಿಗೊಂದು ಕಿವಿಮಾತು

ಹೊಸೂರಿನ ಸಿಪ್‌ಕಾಟ್‌ಗೆ ಬೆಳಗಿನ ಪಾಳಿಗೆ ಹೊರಟ ನಮ್ಮೂರ ಹುಡುಗ ಹುಡುಗಿಯರು ಈಗ ಬಸ್ಸಿಗೆ ಕಾಯುತ್ತಲೇ ಮೊಬೈಲಿನಲ್ಲಿ ಷೇರು ಪೇಟೆ ನೋಡುತ್ತಾರೆ. ಹೆಚ್ಚಿನವರು ಕೊರೋನಾ ಕಾಲದ ನಂತರ ಡಿಮ್ಯಾಟ್ ಖಾತೆ ತೆರೆದವರು. ಇವರು ಕಂಡ ದೊಡ್ಡ ಕುಸಿತಗಳೆಲ್ಲ ಬೇಗನೆ ಏರಿಕೆಗೆ ತಿರುಗಿವೆ. ‘ಬಿದ್ದರೆ ತಗೋ’ ಎನ್ನುವುದು ಇವರ ಬಾಯಲ್ಲಿ ಮಂತ್ರವಾಗಿಬಿಟ್ಟಿದೆ. ಒಂದು ಕಾಲದಲ್ಲಿ ನನ್ನ ಮಂತ್ರವೂ ಅದೇ ಆಗಿತ್ತು, ಮಕ್ಕಳೇ. ಅದಕ್ಕೇ ಹೇಳುತ್ತಿದ್ದೇನೆ.

• 2004ರ ಮೇ 17ರಂದು, ಚುನಾವಣಾ ಫಲಿತಾಂಶದ ಬೆನ್ನಲ್ಲೇ, ಪೇಟೆ ಕುಸಿದು ವಹಿವಾಟು ಎರಡು ಸಲ ನಿಂತಿತು. ಆಗ ಕೊಂಡೆ, ಗೆದ್ದೆ. 2006ರ ಮೇ-ಜೂನ್‌ನಲ್ಲಿ ಸೆನ್ಸೆಕ್ಸ್ 12,600ರಿಂದ 9,000ದ ಕೆಳಗಿಳಿದು, ಅದೇ ವರ್ಷ 13,000 ದಾಟಿತು. ಮತ್ತೆ ಗೆದ್ದೆ. 2008ರ ಜನವರಿ 21ರಂದು ಒಂದೇ ದಿನ 1,408 ಅಂಶ ಬಿದ್ದು 17,605ಕ್ಕೆ ನಿಂತಾಗ ಕೈ ತಾನಾಗಿಯೇ ಮುಂದೆ ಹೋಯಿತು. ಕೈಯಲ್ಲಿ ಕಾಸಿರಲಿಲ್ಲ. ನನ್ನಾಕೆಯ ಕಾಸಿನ ಸರ ಅಡವಿಟ್ಟು ಕೊಂಡೆ. 2009ರ ಮಾರ್ಚ್ 9ಕ್ಕೆ ಸೆನ್ಸೆಕ್ಸ್ 8,160. ಅಷ್ಟರಲ್ಲೇ ಬಡ್ಡಿ ಕಟ್ಟಲಾರದೆ ಸಿಕ್ಕ ಬೆಲೆಗೆ ಮಾರಿದ್ದೆ. ಪೇಟೆ ಹಳೆಯ ಎತ್ತರ ಮುಟ್ಟಿದ್ದು 2010ರ ದೀಪಾವಳಿಗೆ. ಆಗ ನನ್ನ ಬಳಿ ಷೇರೂ ಇರಲಿಲ್ಲ, ಸರವೂ ಇರಲಿಲ್ಲ.

• ಹಾಗಾಗಿ ಸಾಲದ ದುಡ್ಡು ಬೇಡವೇ ಬೇಡ. ಒಡವೆ ಸಾಲ, ಪರ್ಸನಲ್ ಲೋನ್, ಬ್ರೋಕರ್ ಕೊಡುವ ಮಾರ್ಜಿನ್, ಯಾವುದೂ ಬೇಡ. ಪೇಟೆ ಮೇಲೇಳುವವರೆಗೆ ನೀವು ಕಾಯಬಲ್ಲಿರಿ, ಬಡ್ಡಿ ಕಾಯುವುದಿಲ್ಲ.

• ಬಿತ್ತನೆ ರಾಗಿಯನ್ನು ಸುಗ್ಗಿಯಲ್ಲೇ ಬೇರೆ ಎತ್ತಿಡುತ್ತೇವಲ್ಲ, ಹಾಗೆ ಪೇಟೆ ಏರುತ್ತಿರುವಾಗಲೇ ಕುಸಿತದ ದಿನಕ್ಕೆಂದು ಸ್ವಲ್ಪ ಹಣ ತೆಗೆದಿಡಿ. ಸ್ವಲ್ಪ ಮಾತ್ರ. ಇದ್ದುದನ್ನೆಲ್ಲ ಕಟ್ಟಿಟ್ಟುಕೊಂಡು ಕುಸಿತಕ್ಕೇ ಕಾಯುವುದೂ ತಪ್ಪು. 2021ರ ಜನವರಿಯಲ್ಲಿ ಸೆನ್ಸೆಕ್ಸ್ 50,000 ಮುಟ್ಟಿದಾಗ ‘40,000ಕ್ಕೆ ಬರಲಿ’ ಎಂದು ಕೂತವರಿದ್ದರು. ಬರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅದು 85,000 ದಾಟಿತು. ತಿಂಗಳ ಸಿಪ್ ನಡೆಯುತ್ತಲೇ ಇರಲಿ.

• ಒಂದೇ ದಿನ ಎಲ್ಲ ಸುರಿಯಬೇಡಿ. 2020ರ ಜನವರಿಯಲ್ಲಿ 42,000 ಇದ್ದ ಸೆನ್ಸೆಕ್ಸ್ ಫೆಬ್ರವರಿ ಕೊನೆಗೆ 38,000ದ ಹತ್ತಿರ ಬಂದಾಗ ಎಲ್ಲರಿಗೂ ಅಗ್ಗವಾಗಿಯೇ ಕಂಡಿತ್ತು. ಮಾರ್ಚ್ 23ಕ್ಕೆ ಅದು 25,981. ಕುಸಿತಕ್ಕೆಂದು ತೆಗೆದಿಟ್ಟ ಹಣವನ್ನು ನಾಲ್ಕು ಪಾಲು ಮಾಡಿ. ಯಾವ ಮಟ್ಟಕ್ಕೆ ಯಾವ ಪಾಲು ಎಂದು ಮೊದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪೇಟೆ ಬೀಳುವಾಗ ತಲೆ ಓಡುವುದಿಲ್ಲ, ಬರೆದದ್ದು ಇರುತ್ತದೆ.

• ರಾಯಕೋಟೆ ಮಂಡಿಯಲ್ಲಿ ಬೆಲೆ ಇಳಿದ ಟೊಮೆಟೊ ಬೇರೆ, ಕೊಳೆತ ಟೊಮೆಟೊ ಬೇರೆ. ಲಾಕ್‌ಡೌನ್ ಬಂದಾಗ ನಮ್ಮ ಹೊಸೂರಿನಲ್ಲೇ ಕಾರ್ಖಾನೆಯಿರುವ ಟೈಟಾನ್ ಷೇರು ಕೆಲವೇ ವಾರಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಅದರ ಒಡವೆ ಅಂಗಡಿಗಳು ಮುಚ್ಚಿದ್ದವು, ಅಷ್ಟೇ. ಮದುವೆಗೆ ಚಿನ್ನ ಕೊಳ್ಳುವುದನ್ನು ಜನ ಬಿಟ್ಟಿರಲಿಲ್ಲ. ಅದು ಬೆಲೆ ಇಳಿದ ಸರಕು. 2009ರ ಜನವರಿ 7ರ ಸತ್ಯಂ ಕಂಪನಿಯ ಷೇರು ಹಾಗಲ್ಲ. ಲೆಕ್ಕವೇ ಸುಳ್ಳೆಂದು ಕಂಪನಿಯ ಮುಖ್ಯಸ್ಥರೇ ಪತ್ರ ಬರೆದ ದಿನ ಅದು. ಮುಕ್ಕಾಲಿಗೂ ಹೆಚ್ಚು ಬೆಲೆ ಒಂದೇ ದಿನದಲ್ಲಿ ಹೋಯಿತು. ಅಗ್ಗವೆಂದು ಕೊಂಡವರಿಗೆ ಮುಂದಿನ ವಹಿವಾಟಿನ ದಿನವೇ ಮತ್ತೆ ಪೆಟ್ಟು. ಏಕೆ ಬಿತ್ತು ಎಂಬುದನ್ನು ಎರಡು ಸಾಲಿನಲ್ಲಿ ಬರೆಯಲಾಗದಿದ್ದರೆ ಆ ಷೇರು ಮುಟ್ಟಬೇಡಿ.

• ಅಷ್ಟೆಲ್ಲ ಓದಲು ಪಾಳಿ ಕೆಲಸದ ನಡುವೆ ಸಮಯವಿಲ್ಲವೇ? ಇಂಡೆಕ್ಸ್ ಫಂಡ್ ಸಾಕು. ನನ್ನ ಈಗಿನ ಹಣವೆಲ್ಲ ಅಲ್ಲೇ ಇದೆ.

• ಎಫ್ ಅಂಡ್ ಓ ಬಗ್ಗೆ ಒಂದೇ ಲೆಕ್ಕ. 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಅದರಲ್ಲಿ ಕೈಹಾಕಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರೆಂದು ಸೆಬಿಯೇ ಹೇಳಿದೆ. ಕುಸಿತದ ದಿನ ಕಾಲ್ ಆಪ್ಷನ್ ಕೊಳ್ಳುವುದನ್ನು ‘ಬಿದ್ದಾಗ ಕೊಂಡೆ’ ಎನ್ನಬೇಡಿ.

• ಮನೆಯವರಿಗೆ ಹೇಳದೆ ಏನನ್ನೂ ಕೊಳ್ಳಬೇಡಿ. ಸರ ಅಡವಿಟ್ಟದ್ದು ನನ್ನಾಕೆಗೆ ತಿಳಿದದ್ದು 2008ರ ಗೌರಿ ಹಬ್ಬದ ಹಿಂದಿನ ಸಂಜೆ. ಪೆಟ್ಟಿಗೆ ತೆರೆದಳು. ಕೆಂಪು ಬಟ್ಟೆಯ ಗಂಟು ಬಿಚ್ಚಿದಳು. ಒಳಗಿದ್ದದ್ದು ಗಿರವಿ ಅಂಗಡಿಯ ಚೀಟಿ. ಅವಳು ಒಂದು ಮಾತೂ ಆಡಲಿಲ್ಲ, ಅರಿಶಿನ ದಾರ ಒಂದನ್ನೇ ಹಾಕಿಕೊಂಡು ಪೂಜೆಗೆ ಕೂತಳು. ನಿಮ್ಮ ಖಾತೆ ಯಾವುದು, ಅದರಲ್ಲಿ ಎಷ್ಟಿದೆ, ನಾಮಿನಿ ಯಾರು ಎಂಬುದನ್ನು ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿ.