ಧೂಳಿನಾಚೆಯ ಕೂಗು

ನಾನು ಇತಿಹಾಸದ ವಿದ್ಯಾರ್ಥಿ. ವಿಜ್ಞಾನವನ್ನು ಕುರಿತು ಬರೆಯುವುದು ನನ್ನ ಮಟ್ಟಿಗೆ ಸಾಹಸವೇ ಸರಿ. ಅದಕ್ಕೊಂದು ಕಾರಣವುಂಟು. ಸಂಕ್ರಾಂತಿಗೆ ಊರಿಗೆ ಹೋದಾಗ, ರಾತ್ರಿ ಕಣದಲ್ಲಿ ಕುಳಿತು ಅಪ್ಪನಿಗೆ ಮಹಾವ್ಯಾಧ ನಕ್ಷತ್ರಪುಂಜವನ್ನು ತೋರಿಸಿ, “ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ, ದಟ್ಟವಾದ ಧೂಳು ಅವನ್ನು ಮುಚ್ಚಿದೆ” ಎಂದೆ. ಓದುಬರಹ ಕಲಿಯದ ಅಪ್ಪ ಕೇಳಿದರು: “ಬೆಳಕೇ ಆಚೆ ಬರದಿದ್ರೆ ಒಳಗೇನೈತೆ ಅಂತ ಹೆಂಗೆ ಗೊತ್ತಾಯ್ತದೆ ಮಗಾ?” ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ‘ಗೊತ್ತಿಲ್ಲ’ ಎನ್ನಲು ನಾಚಿ ಮಾತು ಮರೆಸಿದೆ.

ಉತ್ತರ ಆಮೇಲೆ ದೊರೆಯಿತು. ಧೂಳು ಬೆಳಕನ್ನು ತಡೆಯುತ್ತದೆ. ರೇಡಿಯೋ ತರಂಗಗಳನ್ನು ತಡೆಯಲಾರದು. 1965ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಹೆರಾಲ್ಡ್ ವೀವರ್ ಮತ್ತು ಸಂಗಡಿಗರು ನಕ್ಷತ್ರಗಳು ಹುಟ್ಟುವ ಮೇಘಗಳ ಕಡೆಯಿಂದ 18 ಸೆಂಟಿಮೀಟರ್ ಉದ್ದದ ಪ್ರಬಲ ತರಂಗಗಳನ್ನು ಹಿಡಿದರು. ಹೈಡ್ರಾಕ್ಸಿಲ್ ಅಣುವಿನಲ್ಲಿ 1667 ಮೆಗಾಹರ್ಟ್ಸ್‌ನ ತರಂಗ ಹೆಚ್ಚು ಬಲವಾಗಿರಬೇಕು; ಇಲ್ಲಿ 1665ರದ್ದೇ ಮೇಲುಗೈ. ಗುರುತು ಸಿಕ್ಕದ ಆ ತರಂಗವನ್ನು ಅವರು ‘ಮಿಸ್ಟೀರಿಯಮ್’, ಎಂದರೆ ರಹಸ್ಯದ್ರವ್ಯ, ಎಂದು ಕರೆದರು!

ಅದು ಹೈಡ್ರಾಕ್ಸಿಲ್ಲೇ ಎಂದು ಬೇಗನೆ ತಿಳಿಯಿತು. ಆ ಪ್ರಖರತೆ ಬರಿಯ ಶಾಖದಿಂದ ಬಂದುದಾಗಿದ್ದರೆ ಅಲ್ಲಿ ಯಾವ ಅಣುವೂ ಉಳಿಯುತ್ತಿರಲಿಲ್ಲ. ಹಾಗಾದರೆ ಕಾರಣವೇನು? 1954ರಲ್ಲಿ ಚಾರ್ಲ್ಸ್ ಟೌನ್ಸ್ ಮತ್ತು ಜೊತೆಗಾರರು ಪ್ರಯೋಗಶಾಲೆಯಲ್ಲಿ ನಿರ್ಮಿಸಿದ್ದ ‘ಮೇಸರ್’ ಆಕಾಶದಲ್ಲಿ ತಾನಾಗಿಯೇ ನಡೆಯುತ್ತಿತ್ತು. ಯಾತ್ರಿಕರ ಗುಂಪಿನಲ್ಲಿ ಒಬ್ಬರು “ಗೋವಿಂದಾ” ಎಂದರೆ, ಕಾದಿದ್ದ ನೂರು ಕಂಠಗಳು ಅದೇ ಮಾತನ್ನು ಎತ್ತಿಕೊಳ್ಳುವುವಲ್ಲವೆ? ಹಾಗೆಯೇ, ಸುತ್ತಲಿನ ವಿಕಿರಣದಿಂದಲೋ ಘರ್ಷಣೆಯಿಂದಲೋ ಅಣುಗಳು ಹೆಚ್ಚು ಶಕ್ತಿಯನ್ನು ಪಡೆದು ಕಾದಿರುತ್ತವೆ. ತಕ್ಕ ತರಂಗವೊಂದು ಹಾದುಹೋದರೆ ಪ್ರತಿ ಅಣುವೂ ಅದೇ ಬಗೆಯ ತರಂಗವನ್ನು ಕೂಡಿಸುತ್ತದೆ, ಪಿಸುಮಾತು ಕೂಗಾಗುತ್ತದೆ.

1969ರಲ್ಲಿ ಟೌನ್ಸರ ತಂಡವು ಮಹಾವ್ಯಾಧದಿಂದಲೇ ನೀರಿನ ಅಣುಗಳ 1.35 ಸೆಂಟಿಮೀಟರ್ ತರಂಗಗಳನ್ನು ವರದಿಮಾಡಿತು. ಭೂಮಿ ಸೂರ್ಯನನ್ನು ಸುತ್ತುವಾಗ ಇಂಥ ಮೇಸರ್ ಬಿಂದು ತುಸುವೇ ಸರಿದಂತೆ ಕಾಣುವುದನ್ನು ಜಪಾನಿನ ‘ವೇರಾ’ ದೂರದರ್ಶಕಗಳು ಅಳೆದುವು. ಆ ಮೇಘ ಸುಮಾರು 1,400 ಜ್ಯೋತಿರ್ವರ್ಷ ದೂರದಲ್ಲಿದೆಯೆಂದು 2007ರಲ್ಲಿ ಲೆಕ್ಕ ದೊರೆಯಿತು.

ಯುಗಾದಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. “ಅವತ್ತೇ ಗೊತ್ತಿಲ್ಲ ಅಂದಿದ್ರೆ ಏನಾಗ್ತಿತ್ತು?” ಎಂದು ನಕ್ಕರು. ವಿದ್ವಾಂಸರು ತಮಗೆ ತಿಳಿಯದುದಕ್ಕೆ ‘ರಹಸ್ಯ’ವೆಂದೇ ಹೆಸರಿಟ್ಟು ಪ್ರಕಟಿಸಿದರು, ಬಿ.ಎ. ತರಗತಿಯ ನಾನು ಅಪ್ಪನೆದುರು ಅದನ್ನು ಮರೆಮಾಚಿದೆ. ಮೂರು ವರ್ಷದ ಓದಿನ ಕೊನೆಗೆ ನಾನು ಕಲಿತ ಪಾಠ ಇದು.